ಅಡಿಕೆ ಲೆಕ್ಕದ ತಂತ್ರಾಂಶ: ಕಡತಗಳ ಭಾಗ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಅಡಿಕೆ ಅಂಗಡಿಗಾಗಿ ಸಿ ಭಾಷೆಯಲ್ಲಿ ಬರೆಯುತ್ತಿರುವ ತಂತ್ರಾಂಶದಲ್ಲಿ ತೂಕ, ದರ, ಮುಂಗಡಗಳ ಲೆಕ್ಕ ಮುಗಿದಿದ್ದು, ಈ ವಾರ ಖಾತೆಗಳನ್ನು ಕಡತಗಳಲ್ಲಿ ಉಳಿಸುವ ಭಾಗವನ್ನು ಕೈಗೆತ್ತಿಕೊಂಡಿದ್ದೇನೆ. ಅಂಗಡಿಯ ಕಂಪ್ಯೂಟರಿನಲ್ಲಿ ವಿಂಡೋಸ್ 7, ಮನೆಯದರಲ್ಲಿ ಲಿನಕ್ಸ್. ಎರಡರಲ್ಲೂ ಒಂದೇ ಕೋಡ್ ನಡೆಯಬೇಕಾದ್ದರಿಂದ ಸಿ ಮಾನಕದ, ಎಂದರೆ ಭಾಷೆಯ ಅಧಿಕೃತ ನಿಯಮಾವಳಿಯಲ್ಲಿರುವ, ಫಂಕ್ಷನ್‌ಗಳನ್ನೇ ನೆಚ್ಚಿಕೊಳ್ಳುವುದು ನನ್ನ ಒಲವು.

ತೊಡಕಿರುವುದು ಹೆಸರಿನಲ್ಲಿ. ಪ್ರತಿ ಬೆಳೆಗಾರರಿಗೂ ಒಂದು ಕಡತ. ಕೆಲವರ ಹೆಸರು ಕನ್ನಡದಲ್ಲಿ, ಕೆಲವರದು ಮಲಯಾಳದಲ್ಲಿ. ವಿಂಡೋಸ್‌ನಲ್ಲಿ ಕಡತ ತೆರೆಯುವ ಎಫ್‌ಓಪನ್ ಫಂಕ್ಷನ್ ಈ ಹೆಸರನ್ನು ವ್ಯವಸ್ಥೆಯ ಆನ್ಸಿ ಕೋಡ್ ಪೇಜಿನ (ಬೈಟುಗಳನ್ನು ಅಕ್ಷರಗಳಿಗೆ ಹೊಂದಿಸುವ ಹಳೆಯ ಪಟ್ಟಿ) ಪ್ರಕಾರ ಓದುತ್ತದೆ, ಆದರೆ ಈ ಎರಡು ಲಿಪಿಗಳಿಗೂ ಅಂಥ ಕೋಡ್ ಪೇಜ್ ಇಲ್ಲ. ಎಲ್ಲ ಲಿಪಿಗಳನ್ನೂ ಬರೆಯಬಲ್ಲ ಯುನಿಕೋಡ್‌ನ ರೂಪವಾದ ಯುಟಿಎಫ್-8ರಲ್ಲಿ ‘ಕ’ ಅಕ್ಷರಕ್ಕೆ ಮೂರು ಬೈಟು. ಪಾಶ್ಚಾತ್ಯ ಭಾಷೆಗಳ 1252ನೇ ಕೋಡ್ ಪೇಜ್ ಅವನ್ನು ಸಂಬಂಧವಿಲ್ಲದ ಮೂರು ಚಿಹ್ನೆಗಳೆಂದು ತಿಳಿಯುತ್ತದೆ. ಆದ್ದರಿಂದ ಕಡತ ಸೃಷ್ಟಿಯಾಗುತ್ತದೆ, ನಮ್ಮ ತಂತ್ರಾಂಶ ಅದನ್ನು ಮತ್ತೆ ತೆರೆಯಲೂಬಲ್ಲದು. ಫೋಲ್ಡರಿನಲ್ಲಿ ಕಣ್ಣಾಡಿಸುವವರಿಗೆ ಮಾತ್ರ ಅದು ಯಾರ ಖಾತೆಯೆಂದು ತಿಳಿಯದು. ವಿಂಡೋಸ್ 10ರ 1903ನೇ ಆವೃತ್ತಿಯಿಂದೀಚೆಗೆ ತಂತ್ರಾಂಶದ ವಿವರಗಳಿರುವ ಮ್ಯಾನಿಫೆಸ್ಟ್‌ನಲ್ಲಿ ಯುಟಿಎಫ್-8 ಎಂದು ಘೋಷಿಸಿದರೆ ಸಾಕು, ಆದರೆ ಅಂಗಡಿಯ ಹಳೆಯ ಯಂತ್ರಕ್ಕೆ ಆ ಭಾಗ್ಯವಿಲ್ಲ. ಹಾಗಾಗಿ ಅಲ್ಲಿ ಹೆಸರನ್ನು ಮಲ್ಟಿಬೈಟ್‌ಟುವೈಡ್‌ಚಾರ್ ಫಂಕ್ಷನ್ ಮೂಲಕ ವಿಂಡೋಸ್ ಒಳಗೆ ಬಳಸುವ ಯುಟಿಎಫ್-16ಕ್ಕೆ ಪರಿವರ್ತಿಸಿ, ಮೈಕ್ರೋಸಾಫ್ಟ್‌ನದೇ ಆದ _ಡಬ್ಲ್ಯುಎಫ್‌ಓಪನ್‌ಗೆ ಕೊಡುತ್ತಿದ್ದೇನೆ.

ಇದರಲ್ಲೊಂದು ಅನುಕೂಲವೆಂದರೆ ಕೈಗೆ ಬರುವುದು ತೆರೆದ ಕಡತವನ್ನು ಸೂಚಿಸುವ, ಮಾನಕದ ಫೈಲ್ ಪಾಯಿಂಟರೇ. ಕಡತಕ್ಕೆ ಬರೆಯಲು ಎಫ್‌ಪ್ರಿಂಟ್‌ಎಫ್ ಬಳಸಿದ ಒಂದು ಸಾಲನ್ನೂ ಮುಟ್ಟಬೇಕಾಗಿಲ್ಲ. ವಿಂಡೋಸ್‌ನದೇ ಫಂಕ್ಷನ್‌ಗಳಾದ ಕ್ರಿಯೇಟ್‌ಫೈಲ್, ರೈಟ್‌ಫೈಲ್‌ಗಳ ದಾರಿ ಹಿಡಿದಿದ್ದರೆ, ಕ್ರಿಯೇಟ್‌ಫೈಲ್‌ಗೆ ಏಳು ಆರ್ಗ್ಯುಮೆಂಟ್‌ಗಳನ್ನು ತುಂಬುವ ಶ್ರಮ ಹಾಗಿರಲಿ, ಪಟೋರ, ಕರಿಗೋಟು ಎಂಬ ಅಡಿಕೆ ದರ್ಜೆಗಳ ತೂಕವನ್ನು ಸಾಲಾಗಿ ಜೋಡಿಸಿ ಬರೆಯುವ ಕೆಲಸವನ್ನೂ ನಾನೇ ಹೊರಬೇಕಾಗುತ್ತಿತ್ತು.

ಮಳೆಗಾಲದಲ್ಲಿ ಹೇಳದೆ ಕೇಳದೆ ಕರೆಂಟು ಹೋಗುವ ಊರಿದು. ಹಾಗಾಗಿ ಹೊಸ ಲೆಕ್ಕವನ್ನು ತಾತ್ಕಾಲಿಕ ಕಡತದಲ್ಲಿ ಬರೆದು, ಅದು ಡಿಸ್ಕಿಗೆ ತಲುಪಿದ ಮೇಲೆಯೇ ಹಳೆಯದರ ಜಾಗಕ್ಕೆ ತರುತ್ತೇನೆ. ಮಾನಕದ ಎಫ್‌ಫ್ಲಷ್ ಫಂಕ್ಷನ್ ದತ್ತಾಂಶವನ್ನು ಆಪರೇಟಿಂಗ್ ಸಿಸ್ಟಮ್‌ಗೆ ಒಪ್ಪಿಸಿ ಸುಮ್ಮನಾಗುತ್ತದೆ. ಡಿಸ್ಕಿಗೆ ತಲುಪಿಸಲು ಲಿನಕ್ಸ್‌ನಲ್ಲಿ ಎಫ್‌ಸಿಂಕ್, ವಿಂಡೋಸ್‌ನಲ್ಲಿ _ಕಮಿಟ್ ಬೇಕು. ಕಡತದ ಹೆಸರು ಬದಲಿಸುವ ರಿನೇಮ್‌ನದು ಇನ್ನೊಂದು ಕಥೆ. ಹೊಸ ಹೆಸರಿನ ಕಡತ ಮೊದಲೇ ಇದ್ದರೆ ಏನಾಗಬೇಕೆಂಬುದನ್ನು ಸಿ ಮಾನಕ ಆಯಾ ವ್ಯವಸ್ಥೆಗೇ ಬಿಟ್ಟಿದೆ. ಲಿನಕ್ಸ್ ಹಳೆಯದನ್ನು ತೆಗೆದು ಹೊಸದನ್ನಿಟ್ಟರೆ, ಮೈಕ್ರೋಸಾಫ್ಟ್‌ನ ರಿನೇಮ್ ಸೋಲುತ್ತದೆ. ಮೊದಲು ಹಳೆಯದನ್ನು ಅಳಿಸಿ ಆಮೇಲೆ ಹೆಸರು ಬದಲಿಸಿದರೆ, ನಡುವೆ ಕರೆಂಟು ಹೋದಾಗ ಆ ಹೆಸರಿನ ಖಾತೆಯೇ ಇರದು. ಅದಕ್ಕೆ ಅಲ್ಲಿ ವಿಂಡೋಸ್‌ನ ಮೂವ್‌ಫೈಲ್‌ಎಕ್ಸ್‌ಡಬ್ಲ್ಯು ಬಳಸಿ, ಇದ್ದುದನ್ನು ಬದಲಿಸು ಎಂಬ ಫ್ಲ್ಯಾಗ್ ಕೊಟ್ಟಿದ್ದೇನೆ.

ಸದ್ಯ ಈ ತೆರೆಯುವ, ಉಳಿಸುವ ಎರಡು ಫಂಕ್ಷನ್‌ಗಳು ಮಾತ್ರ ಪ್ರತ್ಯೇಕ ಕಡತದಲ್ಲಿವೆ. ಉಳಿದದ್ದೆಲ್ಲ ಶುದ್ಧ ಸಿ. ಸಾಲಿನ ಕೊನೆಯ ಗುರುತು ಎರಡೂ ಯಂತ್ರಗಳಲ್ಲಿ ಒಂದೇ ಆಗಿರಲೆಂದು ಬೈಟುಗಳನ್ನು ಬದಲಿಸದೆ ಇದ್ದಂತೆಯೇ ಬರೆಯುವ ಬೈನರಿ ಮೋಡ್ ಆರಿಸಿದ್ದೇನೆ. ಇನ್ನು ಪೆನ್‌ಡ್ರೈವಿನಲ್ಲಿ ಇದನ್ನೆಲ್ಲ ಪರೀಕ್ಷಿಸುವುದು ಬಾಕಿಯಿದೆ.