ಒಂದೇ ಪೆನ್ನಿನ ಅಂಕಿಗಳು

12 ನವೆಂಬರ್ 2025, ಬುಧವಾರ

ಗರ್ಭಿಣಿಯರಲ್ಲಿ ಕಾಣಿಸಿಕೊಳ್ಳುವ ಸಕ್ಕರೆ ಕಾಯಿಲೆಯ ಬಗ್ಗೆ ನರ್ಸುಗಳಿಗೆ ನಾನು ನಡೆಸುತ್ತಿರುವ ತರಬೇತಿಯ ಮೂರನೆಯ ದಿನ. ಜರಾಯುವಿನ (ಮಾಸಿನ) ಹಾರ್ಮೋನುಗಳು ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಬರುವುದು, 24ರಿಂದ 28ನೆಯ ವಾರದೊಳಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಪರೀಕ್ಷಿಸುವುದು, ಎಲ್ಲವನ್ನೂ ನರ್ಸುಗಳು ತಡವರಿಸದೆ ಒಪ್ಪಿಸಿದರು. ಮನಸ್ಸಿನಿಂದ ಹೋಗದೆ ಉಳಿದಿರುವುದು ಮಧ್ಯಾಹ್ನದ ಹತ್ತು ನಿಮಿಷ.

ಬಂದವರು 31ನೆಯ ವಾರದ ಗರ್ಭಿಣಿ. ಅವರ ಪುಸ್ತಕದಲ್ಲಿ ಎರಡು ವಾರಗಳ ರಕ್ತದ ಸಕ್ಕರೆಯ ಅಂಕಿಗಳೆಲ್ಲ 90, 110, 115. ಒಂದೇ ಪೆನ್ನು, ಒಂದೇ ಸಲ ಕುಳಿತು ಬರೆದ ಅಕ್ಷರ. ನಮ್ಮ ಸಿಸ್ಟರ್ ಚುರುಕು. ಗ್ಲೂಕೋಮೀಟರಿನ ಗುಂಡಿ ಒತ್ತಿ ಹಳೆಯ ಅಳತೆಗಳನ್ನು ತೆಗೆದೇಬಿಟ್ಟರು: ಊಟವಾದ ಒಂದು ಗಂಟೆಗೆ 140ರೊಳಗೆ ಇರಬೇಕಾದ ಕಡೆ 168, 174, 159. "ಹೀಗೆ ಸುಳ್ಳು ಬರೆದರೆ ತೊಂದರೆ ಮಗುವಿಗೇ ಅಲ್ಲವೇ?" ಎಂದರು. ಆಕೆ ಪುಸ್ತಕವನ್ನು ಮಡಿಚಿ ಚೀಲಕ್ಕೆ ತುರುಕಿಕೊಂಡು, ನೆಲ ನೋಡುತ್ತ, "ಹೋದ ಸಲ ನಿಜವನ್ನೇ ಬರೆದಿದ್ದೆ. ಬಾಯಿ ಕಟ್ಟೋಕಾಗಲ್ವಾ ಅಂತ ಬೈದರು" ಎಂದರು.

ಸಿಸ್ಟರ್ ಹೇಳಿದ್ದರಲ್ಲಿ ತಪ್ಪಿಲ್ಲ. ತಾಯಿಯ ರಕ್ತದ ಸಕ್ಕರೆ ಜರಾಯುವನ್ನು ದಾಟುತ್ತದೆ, ಆಕೆಯ ಇನ್ಸುಲಿನ್ ದಾಟುವುದಿಲ್ಲ. ಆದ್ದರಿಂದ ಮಗು ತಾನೇ ಹೆಚ್ಚು ಇನ್ಸುಲಿನ್ ತಯಾರಿಸಿಕೊಂಡು ದಪ್ಪವಾಗುತ್ತದೆ, ಹುಟ್ಟಿದ ಮೇಲೆ ಅದರ ಸಕ್ಕರೆ ದಿಢೀರನೆ ಕುಸಿಯಬಹುದು. ಆದರೆ ಬಾಯಿ ಕಟ್ಟಿದವರಿಗೂ ಕೆಲವೊಮ್ಮೆ ಸಕ್ಕರೆ ಏರುತ್ತದೆ, ರಾತ್ರಿಯಿಡೀ ಏನೂ ತಿನ್ನದ ಬೆಳಗಿನ ಅಳತೆಯೂ ಏರುತ್ತದೆ ಎಂಬುದನ್ನು ನಿನ್ನೆ ತಾನೇ ಕಲಿತಿದ್ದೆವು. ಆ ಎರಡು ವಾರ ನಿಜವಾದ ಅಂಕಿಗಳು ಕಣ್ಣಿಗೆ ಬಿದ್ದಿದ್ದರೆ ವೈದ್ಯರು ಇನ್ಸುಲಿನ್ ಶುರುಮಾಡುವ ಯೋಚನೆಯನ್ನಾದರೂ ಮಾಡುತ್ತಿದ್ದರು.

ನಾಚಿಕೆಯಾಗುತ್ತಿರುವುದು ನರ್ಸುಗಳಿಗೆ ಅಂಕ ಕೊಡುವ ನನ್ನ ಪಟ್ಟಿಯನ್ನು ನೋಡಿ. ಕೈ ತೊಳೆಸಿದರೆ ಅಂಕ, ಬೆರಳಿನ ತುದಿಗೆ ಚುಚ್ಚದೆ ಪಕ್ಕಕ್ಕೆ ಚುಚ್ಚಿದರೆ ಅಂಕ, ರಕ್ತದ ಹನಿ ಹಾಕುವ ಸ್ಟ್ರಿಪ್ಪಿನ ಅವಧಿ ಮುಗಿದಿಲ್ಲವೆಂದು ನೋಡಿದರೆ ಅಂಕ. ಅಳತೆ ಹೆಚ್ಚಾಗಿ ಬಂದಾಗ ಬಾಯಿಂದ ಬರುವ ಮೊದಲ ಮಾತಿಗೆ ಒಂದೂ ಇಲ್ಲ. ಹೋದ ಸಲ ಬೈದವರೂ ನಾನೇ ಪಾಸು ಮಾಡಿದವರಿರಬಹುದು.

ಈಗ ಹೊಸ ಸಾಲು ಸೇರಿಸಲು ಕುಳಿತಿದ್ದೇನೆ. "ಏನು ತಿಂದಿರಿ?" ಎಂದು ಬರೆದು ಹೊಡೆದುಹಾಕಿದೆ, ಅದೂ ವಿಚಾರಣೆಯೇ. "ಚುಚ್ಚಿಕೊಳ್ಳುವುದು ಕಷ್ಟವಾಗುತ್ತಿದೆಯೇ?" ಎಂಬುದು ವಾಸಿ. ಆಕೆಗೆ ಬರುವ ಬುಧವಾರ ಪುಸ್ತಕ ಬೇಡ, ಮೀಟರ್ ಒಂದನ್ನು ತಂದರೆ ಸಾಕು ಎಂದು ಹೇಳಿ ಕಳುಹಿಸಿದೆ. ಹಗುರವಾಗಲಿ ಎಂದು ಹೇಳಿದ ಮಾತು. ಅವರ ಕಿವಿಗೆ, ನಿಮ್ಮ ಬರಹವನ್ನು ನಂಬುವುದಿಲ್ಲ ಎಂದು ಕೇಳಿಸಿತೋ ಏನೋ…