ಟೈಲ್ಸ್ ಮೇಲೆ 11 ಸೆಕೆಂಡು

ಜುಲೈ ಬಂದರೆ ಆ ಅಂಗಳ ಈಗಲೂ ಕಣ್ಣ ಮುಂದೆ ಬರುತ್ತದೆ. ಬದಿಯಡ್ಕದಿಂದ ಒಳಗೆ, ಡಾಮರು ಮುಗಿದ ಮೇಲೆ ಅಡಿಕೆ ತೋಟದ ಬದಿಯಲ್ಲಿ ಇಳಿದು ಹೋಗಬೇಕಾದ ಮನೆ ಅದು. ಮಳೆ ನಿಂತು ಹತ್ತು ನಿಮಿಷವೂ ಆಗಿರಲಿಲ್ಲ. ಅಂಗಳದ ನಡುವೆ 71 ವರ್ಷದ ಅಜ್ಜಿ ನಿಂತಿದ್ದರು. ಮುಂದೆ ಬರಲೂ ಆಗದೆ, ಹಿಂದೆ ಹೋಗಲೂ ಆಗದೆ. ಕಾಲಲ್ಲಿ ಹೊಸ ಶೂ. ಅದನ್ನು ಹಾಕಿಸಿದವಳು ನಾನೇ.

ನಾನು ಫಿಸಿಯೋ. ವಾರದಲ್ಲಿ ನಾಲ್ಕು ದಿನ ಒಪಿಡಿ, ಎರಡು ದಿನ ಹೋಮ್ ವಿಸಿಟ್. ಈ ಅಜ್ಜಿ ನನ್ನ ಹತ್ತಿರ ಬಂದದ್ದು ಬಚ್ಚಲಲ್ಲಿ ಬಿದ್ದು ಕೈ ಮುರಿದುಕೊಂಡ ಮೇಲೆ. ಪ್ಲಾಸ್ಟರ್ ತೆಗೆದಾಗಿತ್ತು. ಕೈ ಸರಿಯಾಗಿತ್ತು. ಆದರೆ ನಡೆಯಲು ಹೆದರಿಕೆ. ಶುಗರ್ ಹದಿನಾರು ವರ್ಷದಿಂದ ಇತ್ತು.

ಮೊದಲ ದಿನ ಟಗ್ (ಟೈಮ್ಡ್ ಅಪ್ ಆಂಡ್ ಗೋ) ಟೆಸ್ಟಿಗೆ 19 ಸೆಕೆಂಡು. ಕುರ್ಚಿಯಿಂದ ಏಳಬೇಕು, ಮೂರು ಮೀಟರ್ ನಡೆಯಬೇಕು, ತಿರುಗಿ ಬಂದು ಕೂರಬೇಕು, ಅಷ್ಟೇ. 12 ದಾಟಿದರೆ ಬೀಳುವ ಅಪಾಯ ಜಾಸ್ತಿ ಅಂತ ನಾವು ಲೆಕ್ಕ ಹಿಡಿಯುವುದು. ಆರು ವಾರ ಬಿಡದೆ ಮಾಡಿಸಿದೆ. ಕೂತು ಏಳುವುದು, ಹಿಮ್ಮಡಿ ಎತ್ತಿ ನಿಲ್ಲುವ ಹೀಲ್ ರೈಸ್, ಕಾಲಿಗೆ ಅರ್ಧ ಕಿಲೋ ತೂಕದ ಕಫ್ ಕಟ್ಟಿ ಬದಿಗೆ ಎತ್ತುವುದು, ಒಂದು ಪಾದದ ಮುಂದೆಯೇ ಇನ್ನೊಂದು ಇಡುವ ಟ್ಯಾಂಡಮ್, ಅಡ್ಡ ನಡಿಗೆ. ಹಿರಿಯರು ಬೀಳದ ಹಾಗೆ ಮಾಡಿಸುವ ನ್ಯೂಜಿಲ್ಯಾಂಡಿನ ಒಟಾಗೋ ವ್ಯಾಯಾಮ ಪ್ರೋಗ್ರಾಮಿನ ಕ್ರಮವನ್ನೇ ಹಿಡಿದಿದ್ದೆ. ಅಜ್ಜಿಗೂ ಛಲ ಇತ್ತು. ಮನೆಯಲ್ಲಿ ಜಗಲಿಯ ಕಂಬ ಹಿಡಿದುಕೊಂಡು ದಿನಾ ಹೀಲ್ ರೈಸ್ ಮಾಡುತ್ತಿದ್ದರಂತೆ. ಕೊನೆಯ ದಿನ ಟಗ್ 11. ಬ್ಯಾಲೆನ್ಸ್ ಅಳೆಯುವ ಬರ್ಗ್ ಸ್ಕೋರ್ 41 ಇದ್ದದ್ದು 49ಕ್ಕೆ ಏರಿತ್ತು. ಡಿಸ್ಚಾರ್ಜ್ ಬರೆದೆ. ತುಂಬಾ ಖುಷಿಯಾಗಿತ್ತು.

ವ್ಯಾಯಾಮದ ಬಗ್ಗೆ ನನಗೆ ಆಗಲೂ ಈಗಲೂ ಸಂಶಯ ಇಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2019ರ ವಿಮರ್ಶೆಯಲ್ಲಿ 108 ಅಧ್ಯಯನ ಸೇರಿಸಿ ನೋಡಿದ್ದಾರೆ. ವ್ಯಾಯಾಮ ಮಾಡಿದ ಹಿರಿಯರಲ್ಲಿ ಬೀಳುವುದು 23 ಶೇಕಡಾ ಕಡಿಮೆಯಾಗಿದೆ. ಅದರಲ್ಲೂ ಬ್ಯಾಲೆನ್ಸ್ ಮತ್ತು ದಿನದ ಕೆಲಸದಂಥ ವ್ಯಾಯಾಮಗಳದ್ದೇ ಗಟ್ಟಿ ಪುರಾವೆ. ಬರೀ ವಾಕಿಂಗ್‌ಗೆ ಅಷ್ಟು ಪುರಾವೆ ಇಲ್ಲ. ಹಾಗಾಗಿ ನಾನು ತಪ್ಪಿದ್ದು ವ್ಯಾಯಾಮದಲ್ಲಿ ಅಲ್ಲ.

ನಮ್ಮ ಒಪಿಡಿಯ ಒಳಗೆ ಚಪ್ಪಲಿ ಇಲ್ಲ, ಹೊರಗಿನ ರ‍್ಯಾಕಿನಲ್ಲಿ ಬಿಡಬೇಕು. ಆರು ವಾರದ ಪಾಠವೆಲ್ಲ ನಡೆದದ್ದು ಒಣ ಟೈಲ್ಸ್ ಮೇಲೆ, ಬರಿಗಾಲಲ್ಲಿ. ಅಜ್ಜಿ ಏನು ಹಾಕಿಕೊಂಡು ಬರುತ್ತಾರೆ ಅಂತ ಒಮ್ಮೆಯೂ ನಾನು ಎದ್ದು ಹೋಗಿ ನೋಡಲಿಲ್ಲ. ಹಿಮ್ಮಡಿ ಸವೆದ ಹವಾಯಿ ಅಂತ ನನಗೆ ಆಮೇಲೆ ಸೊಸೆ ಹೇಳಿದ್ದು. ಡಿಸ್ಚಾರ್ಜ್ ದಿನ ಅಜ್ಜಿಯೇ ಕೇಳಿದ್ದರು, “ಕಾಲಿಗೆ ಎಂಥ ಹಾಕುದು ಮಗಾ?” ನಾನು ಕೇಸ್ ಶೀಟಿನಿಂದ ತಲೆ ಎತ್ತದೆ ಹೇಳಿದೆ: “ಒಳ್ಳೆ ಮೆತ್ತಗಿನ ಶೂ ತಗೊಳ್ಳಿ. ಶುಗರ್ ಇರುವವರು ಕಾಲು ಜೋಪಾನ ಮಾಡ್ಬೇಕು.”

ಮಗ ಮಂಗಳೂರಿನಿಂದಲೇ ತಂದ. ಅಂಗಡಿಯಲ್ಲಿದ್ದ ಅತಿ ಮೆತ್ತಗಿನದ್ದು.

ಎರಡು ವಾರ ಬಿಟ್ಟು ಫಾಲೋ ಅಪ್‌ಗೆ ಹೋದದ್ದು. ವ್ಯಾನ್ ನಿಂತ ಸದ್ದು ಕೇಳಿ ಅಜ್ಜಿ ಜಗಲಿಗೆ ಬಂದರು. ಶೂ ಹಾಕಿದ್ದು ತೋರಿಸಬೇಕು ಅಂತ ಅವರಿಗೆ ಆಸೆ. ಜಗಲಿಯ ಎರಡು ಮೆಟ್ಟಿಲು ಇಳಿದು ಅಂಗಳಕ್ಕೆ ಕಾಲಿಟ್ಟರು. ಹಾವಸೆ ಕಟ್ಟಿ ಜಾರುತ್ತದೆ ಅಂತ ನಡೆಯುವ ದಾರಿಗೆ ಅಡಿಕೆ ಸೋಗೆ ಹಾಸಿದ್ದರು. ನಮ್ಮ ಕಡೆ ಎಲ್ಲರೂ ಮಳೆಗಾಲದಲ್ಲಿ ಹಾಸುವುದೇ.

ನಡೆಸುವಾಗ ಬೀಳದ ಹಾಗೆ ಹಿಡಿಯಲು ಸೊಂಟಕ್ಕೆ ಕಟ್ಟುವ ಗೇಟ್ ಬೆಲ್ಟ್ ವ್ಯಾನಿನಲ್ಲಿ ಬ್ಯಾಗಿನೊಳಗೆ ಇತ್ತು. ನನ್ನ ಕೈಯಲ್ಲಿದ್ದದ್ದು ಫೋನ್. ತಿಂಗಳ ರಿವ್ಯೂಗೆ ಔಟ್‌ಕಮ್ ವಿಡಿಯೋ ಬೇಕು ಅಂತ ಮೇಲಿನವರ ಒತ್ತಾಯ. ಅಜ್ಜಿ ನಡೆದು ಬರುವುದಕ್ಕಿಂತ ಒಳ್ಳೆ ವಿಡಿಯೋ ಯಾವುದು ಅಂತ ನಾನು ಹತ್ತು ಹೆಜ್ಜೆ ದೂರದಲ್ಲೇ ನಿಂತು ತೆಗೆಯತೊಡಗಿದೆ.

ಅರ್ಧ ದಾರಿಯಲ್ಲಿ ಅಜ್ಜಿ ನಿಂತರು. ತಲೆ ತಗ್ಗಿಸಿ ಪಾದವನ್ನೇ ನೋಡುತ್ತಿದ್ದರು. ಸೋಗೆಯ ದಂಟಿನ ಮೇಲೆ ಬಲಗಾಲು. ಶೂವಿನ ಅಡಿ ಒಂದು ಬದಿಗೆ ಅದುಮಿಕೊಂಡು ಹಿಮ್ಮಡಿ ಓರೆಯಾಗಿದ್ದು ನನಗೆ ದೂರದಿಂದಲೇ ಕಾಣುತ್ತಿತ್ತು. ಅವರು ಮೆಲ್ಲ ಹೇಳಿದರು, “ಕಾಲು ಎಲ್ಲಿ ಉಂಟು ಅಂತ ಗೊತ್ತಾಗುದಿಲ್ಲ ಮಗಾ.”

ಆಗಲೇ ಫೋನ್ ಬಿಸಾಡಿ ಓಡಬೇಕಿತ್ತು. ನಾನು ಕೂಗಿದೆ. “ಹೆದರ್ಬೇಡಿ ಅಜ್ಜೀ, ಇಲ್ಲಿ ನನ್ನನ್ನು ನೋಡಿ!”

ಅವರು ತಲೆ ಎತ್ತಿದರು. ಕಣ್ಣು ಪಾದ ಬಿಟ್ಟ ಕ್ಷಣವೇ ದೇಹ ಹಿಂದಕ್ಕೆ ವಾಲಿತು. ಕೈ ಬೀಸಿ ಬಟ್ಟೆ ಒಣಗಿಸುವ ಹಗ್ಗ ಹಿಡಿದರು. ಹಗ್ಗ ಜಗ್ಗಿತು, ಒಂದು ಕಡೆಯ ಗಂಟು ಬಿಚ್ಚಿತು. ಆದರೆ ಅದು ಕೊಟ್ಟ ಒಂದು ಸೆಕೆಂಡು ಸಾಕಾಯಿತು. ಜಗಲಿಯಿಂದ ಸೊಸೆ ಹಾರಿ ಬಂದು ಹಿಂದಿನಿಂದ ಸೊಂಟ ಹಿಡಿದಳು. ನಾನು ತಲುಪುವಾಗ ಇಬ್ಬರೂ ಮೊಣಕಾಲೂರಿ ಸೋಗೆಯ ಮೇಲೆ ಕೂತಿದ್ದರು.

ತಕ್ಷಣ ಎತ್ತಲಿಲ್ಲ. ಸೊಂಟ ನೋವುಂಟಾ, ಕಾಲು ಮಡಚಲು ಆಗುತ್ತದಾ, ಮುರಿದಿದ್ದ ಕೈ ಹೇಗಿದೆ ಅಂತ ಒಂದೊಂದೇ ನೋಡಿದೆ. ಅಷ್ಟರಲ್ಲಿ ಮತ್ತೆ ಮಳೆ. ಡ್ರೈವರ್ ಕೊಡೆ ಹಿಡಿದು ನಿಂತ. ಕುರ್ಚಿ ತರಿಸಿ, ಅದಕ್ಕೆ ಕೈ ಊರಿಸಿ, ಒಂದು ಕಾಲು ಮುಂದಿಡಿಸಿ ಎಬ್ಬಿಸಿದೆವು. ಮೊಣಕಾಲು ತರಚಿತ್ತು, ಬೇರೇನಿಲ್ಲ. ಅಜ್ಜಿ ನನ್ನ ಬೆನ್ನು ಸವರಿ “ನೀನು ಹೆದರ್ಬೇಡ” ಅಂದರು. ಅದನ್ನು ನೆನೆಸಿದರೆ ಈಗಲೂ ಗಂಟಲು ಕಟ್ಟುತ್ತದೆ.

ಒಳಗೆ ಕೂರಿಸಿ ಪಾದ ನೋಡಿದೆ. ಪಾದಕ್ಕೆ ಸ್ಪರ್ಶ ಗೊತ್ತಾಗುತ್ತದಾ ಅಂತ ಒತ್ತಿ ನೋಡುವ ನೈಲಾನ್ ಎಳೆ, ಮೊನೊಫಿಲಮೆಂಟ್, ನಮ್ಮ ವಿಭಾಗದಲ್ಲಿ ಕಳೆದು ತಿಂಗಳುಗಳೇ ಆಗಿದ್ದವು. ಹೊಸದಕ್ಕೆ ಬರೆದ ಇಂಡೆಂಟ್ ಎಲ್ಲಿ ಹೋಯಿತೋ ಗೊತ್ತಿಲ್ಲ. ಮೊದಲ ದಿನ ನಾನು ಬೆರಳಲ್ಲಿ ಮುಟ್ಟಿ “ಸೆನ್ಸೇಶನ್ ಇಂಟ್ಯಾಕ್ಟ್”, ಅಂದರೆ ಸ್ಪರ್ಶ ಸರಿ ಇದೆ, ಅಂತ ಬರೆದುಬಿಟ್ಟಿದ್ದೆ. ಉಪಕರಣ ಇಲ್ಲದ್ದು ಆಸ್ಪತ್ರೆಯ ತಪ್ಪು. ಮಾಡದ ಟೆಸ್ಟನ್ನು ಮಾಡಿದ ಹಾಗೆ ಬರೆದದ್ದು ನನ್ನ ತಪ್ಪು. ಆ ವಾರವೇ ಬೇರೆ ಕಡೆಯಿಂದ ಎರವಲು ತಂದು ನೋಡಿದೆ. 10 ಗ್ರಾಮಿನ ಎಳೆ ಬಾಗುವಷ್ಟು ಒತ್ತಿದರೂ ಎರಡೂ ಹೆಬ್ಬೆರಳ ಅಡಿಯಲ್ಲಿ ಅಜ್ಜಿಗೆ ಗೊತ್ತಾಗಲಿಲ್ಲ.

ನಿಲ್ಲಲು ನಮಗೆ ಮೂರು ಕಡೆಯಿಂದ ಸುದ್ದಿ ಬೇಕು. ಕಣ್ಣು, ಒಳಕಿವಿ, ಮತ್ತು ಪಾದ-ಕೀಲುಗಳು. ಅಜ್ಜಿಯ ಪಾದದ ಸುದ್ದಿ ಆಗಲೇ ಅರ್ಧ ಕಡಿಮೆಯಾಗಿತ್ತು. ಉಳಿದ ಅರ್ಧವನ್ನು ದಪ್ಪ ಫೋಮ್ ನುಂಗಿತು. ಕಣ್ಣೊಂದರ ಮೇಲೆ ನಿಂತಿದ್ದರು, ಅದನ್ನು ನಾನು ಕೂಗಿ ಕಸಿದುಕೊಂಡೆ. ದಪ್ಪ ಮೆತ್ತನೆಯ ಅಡಿಗಿಂತ ತೆಳು ಗಟ್ಟಿ ಅಡಿಯಲ್ಲಿ ವಯಸ್ಸಾದವರು ಚೆನ್ನಾಗಿ ನಿಲ್ಲುತ್ತಾರೆ ಅಂತ 1992ರಲ್ಲೇ ಪ್ರಕಟವಾಗಿದೆ. ನಾನು ಓದಿದ್ದೆ ಕೂಡ.

ಹಾಗಂತ ಬರಿಗಾಲು ಬಿಡಲೂ ಆಗುವುದಿಲ್ಲ. ನೋವು ಗೊತ್ತಾಗದ ಪಾದಕ್ಕೆ ಮುಳ್ಳು ಚುಚ್ಚಿದರೆ ವಾರಗಟ್ಟಲೆ ತಿಳಿಯದೆ ಹುಣ್ಣಾಗುತ್ತದೆ. ಒತ್ತಡ ಹಂಚಲು ಸ್ವಲ್ಪ ಮೆತ್ತಗೆ ಬೇಕು, ನಿಲ್ಲಲು ಗಟ್ಟಿ ಬೇಕು. ಹವಾಯಿಯೂ ಆಗದು. ಅದು ಕಳಚದಿರಲಿ ಅಂತ ಬೆರಳು ಬಿಗಿ ಹಿಡಿದು ನಡೆಯಬೇಕು, ಹೆಜ್ಜೆ ಗಿಡ್ಡವಾಗುತ್ತದೆ. ಕೊನೆಗೆ ನಮಗೆ ಸರಿಹೋದದ್ದು ಒಳಗೆ ಎಂಸಿಆರ್ (ಮೆತ್ತಗಿನ ಮೈಕ್ರೋಸೆಲ್ಯುಲಾರ್ ರಬ್ಬರ್) ಪದರ, ಹೊರಗೆ ಬಾಗದ ಗಟ್ಟಿ ಅಡಿ, ಅಡಿಯಲ್ಲಿ ಗೀರು, ತಗ್ಗು ಹಿಮ್ಮಡಿ, ಮುಂದೆ ವೆಲ್ಕ್ರೋ ಇರುವ ಸ್ಯಾಂಡಲ್. ಅದಕ್ಕೆ ಹಿಂದಿನ ಪಟ್ಟಿ ಇರಲಿಲ್ಲ. ಕಾಸರಗೋಡಿನ ಹಳೆ ಚಮ್ಮಾರರೊಬ್ಬರ ಹತ್ತಿರ ಹೊಲಿಸಿದೆ. ನಾನು ಹೇಳುವ ಮೊದಲೇ ಅವರು ಆ ಫೋಮ್ ಶೂವನ್ನು ಎರಡು ಕೈಯಲ್ಲಿ ಹಿಡಿದು ಬಟ್ಟೆ ಹಿಂಡಿದ ಹಾಗೆ ಹಿಂಡಿ ತೋರಿಸಿದರು. ಹೆಬ್ಬೆರಳಲ್ಲಿ ಒತ್ತಿದರೆ ಉಗುರು ಪೂರ್ತಿ ಮುಳುಗುತ್ತಿತ್ತು. “ಇದರಲ್ಲಿ ಯಾರು ನಿಂತಾರು?” ಅಂದರು.

ಮನೆಯೊಳಗೆ ಚಪ್ಪಲಿಗೆ ಅಜ್ಜಿ ಒಪ್ಪಲೇ ಇಲ್ಲ. ನಾನು ವಾದ ಮಾಡಲಿಲ್ಲ, ನಮ್ಮ ಮನೆಯಲ್ಲೂ ಹಾಗೆಯೇ ಅಲ್ವಾ. ಹೊರಗೆ ಇಳಿಯದ, ಒಳಗಿಗೆಂದೇ ಬೇರೆ ಜೋಡಿ ಅಂದಾಗ ಸ್ವಲ್ಪ ಮೆತ್ತಗಾದರು. ದೇವರ ಕೋಣೆಯ ಹೊಸ್ತಿಲ ಹತ್ತಿರ ಒಂದು ಕುರ್ಚಿ ಇಟ್ಟೆವು. ಕೂತು ಬಿಚ್ಚಿ, ಗೋಡೆ ಹಿಡಿದು ಒಳಗೆ ಹೋಗುತ್ತಾರೆ.

ವ್ಯಾಯಾಮವನ್ನೂ ಮತ್ತೆ ಶುರು ಮಾಡಿದೆ. ಈ ಸಲ ಅವರ ಅಂಗಳದಲ್ಲಿ, ಅವರ ಸ್ಯಾಂಡಲಲ್ಲಿ, ಬೆಲ್ಟ್ ನನ್ನ ಕೈಯಲ್ಲಿ. ಜಗಲಿ ಮೆಟ್ಟಿಲು ಹತ್ತಿ ಇಳಿಯುವುದು. ಸೋಗೆ ದಾಟುವುದು. ನಡೆಯುತ್ತಾ ಎಡಕ್ಕೆ ಬಲಕ್ಕೆ ತಲೆ ತಿರುಗಿಸುವುದು, ಯಾರಾದರೂ ಕರೆದರೆ ಮೊದಲು ನಿಂತು ಆಮೇಲೆ ನೋಡುವುದು.

ಮೇಲಿನವರಿಗೆ ಇದೆಲ್ಲ ಹೇಳಿದರೆ ಉತ್ತರ ಒಂದೇ: ಒಂದು ಮನೆಗೆ ಇಪ್ಪತ್ತು ನಿಮಿಷ. ದಿನಕ್ಕೆ ಎಷ್ಟು ಮನೆ ಮುಗಿಯಿತು ಅನ್ನುವುದಕ್ಕೆ ಕಾಲಂ ಉಂಟು, ಕಾಲಿಗೆ ಏನು ಹಾಕಿದ್ದಾರೆ ಅನ್ನುವುದಕ್ಕೆ ಇಲ್ಲ. ಮೂರು ಸಲ ಬರೆದು ಕೊಟ್ಟೆ. ಈಗ ಫಾರ್ಮಿನ ಬದಿಯಲ್ಲಿ ಪೆನ್ನಲ್ಲಿ ನಾನೇ ಗೆರೆ ಎಳೆಯುತ್ತೇನೆ. ಪಾದರಕ್ಷೆ, ನೆಲ, ಮೊನೊಫಿಲಮೆಂಟ್. ಮೊನೊಫಿಲಮೆಂಟ್ ನನ್ನದೇ ದುಡ್ಡಲ್ಲಿ ತಗೊಂಡದ್ದು.

ಹೋದ ತಿಂಗಳು ಅಜ್ಜಿಯ ಮನೆಗೆ ಹೋಗಿದ್ದೆ. ಒದ್ದೆ ಅಂಗಳದಲ್ಲಿ, ಸ್ಯಾಂಡಲ್ ಹಾಕಿ, ಮೂರು ಮೀಟರ್ ಅಳೆದು ಟಗ್ ಮಾಡಿಸಿದೆ. 15 ಸೆಕೆಂಡು. ಒಪಿಡಿಯ ಟೈಲ್ಸಿಗಿಂತ ನಾಲ್ಕು ಜಾಸ್ತಿ. ಅದನ್ನೇ ಬರೆದೆ. ಡಿಸ್ಚಾರ್ಜ್ ಬರೆಯಲಿಲ್ಲ. ಮುಂದಿನ ಸೋಮವಾರ ಮತ್ತೆ ಹೋಗಬೇಕು.