438 ಈಗ 482

ಇವತ್ತು ನಿರೀಕ್ಷಣಾ ಜಾಮೀನು ಅರ್ಜಿಗೆ ಸರ್ಕಾರದ ಪರ ತಕರಾರು ಹೇಳುವಾಗ ಬಾಯಿಗೆ ಮತ್ತೆ ಹಳೇ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಸೆಕ್ಷನ್ 438 ಬಂತು. 2024ರ ಜುಲೈ 1ರಿಂದ ಅದು ಸಿಆರ್‌ಪಿಸಿ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 482. ಮೊದಲು 482 ಅಂದರೆ ಹೈಕೋರ್ಟಿನಲ್ಲಿ ಕೇಸು ರದ್ದು ಕೋರುವ ಅರ್ಜಿ. ಅದೀಗ 528.

ನಂಬರ್ ಹೇಗೋ ರೂಢಿಯಾಗುತ್ತದೆ. ನನಗೆ ಜಾಸ್ತಿ ಚಿಂತೆ ಸಾಕ್ಷ್ಯದ್ದು. ಮೊನ್ನೆ ಒಂದು ಫೈಲ್ ಬಿಚ್ಚಿದೆ. ಸಿಸಿಟಿವಿ ದೃಶ್ಯದ ಪೆನ್‌ಡ್ರೈವ್ ಕಂದು ಕವರಿನಲ್ಲಿತ್ತು, ಅರಗಿನ ಮುದ್ರೆಯೂ ಸರಿಯಾಗಿತ್ತು. ಡಿಜಿಟಲ್ ಸಾಕ್ಷ್ಯದ ಜೊತೆ ಕೊಡಬೇಕಾದ ಪ್ರಮಾಣಪತ್ರ ಮಾತ್ರ ಹಳೇ ಸಾಕ್ಷ್ಯ ಕಾಯ್ದೆಯ 65ಬಿ ನಮೂನೆಯದು. ಹೊಸ ಸಾಕ್ಷ್ಯ ಅಧಿನಿಯಮದ 63(4)ರ ಪತ್ರಕ್ಕೆ ಎರಡು ಭಾಗ. ಎ ಭಾಗ ದಾಖಲೆ ಕೊಡುವವರದ್ದು, ಬಿ ಭಾಗ ತಜ್ಞರದ್ದು. ಎರಡರಲ್ಲೂ ಹ್ಯಾಶ್ ವ್ಯಾಲ್ಯೂ, ಅಂದರೆ ಫೈಲ್ ಬದಲಾದರೆ ತಾನೂ ಬದಲಾಗುವ ಗುರುತಿನ ಸಂಕೇತ, ಬರೆಯಬೇಕು. ತಕ್ಷಣ ತನಿಖಾಧಿಕಾರಿಗೆ ಫೋನ್ ಮಾಡಿ, ಒಂದೊಂದೇ ಕಾಲಂ ಓದಿ ಹೇಳಿದೆ.

ಕೃತ್ಯ ಆ ಜುಲೈಗಿಂತ ಹಿಂದಿನದಾದರೆ ಅಪರಾಧಕ್ಕೆ ಇನ್ನೂ ಐಪಿಸಿಯೇ. ಹಾಗಾಗಿ ಮೇಜಿನ ಮೇಲೆ ಹಳೇದು, ಹೊಸದು ಎರಡೂ ಪುಸ್ತಕ ಇಟ್ಟುಕೊಂಡಿದ್ದೇನೆ.

ಹೊರಗೆ ಬೆಂಚಿನ ಮೇಲೆ ದೂರು ಕೊಟ್ಟ ತಾಯಿ ಕೂತಿದ್ದರು. ಅವರಿಗೆ ಈ ನಂಬರ್ ಯಾವುದೂ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ ಅಲ್ವಾ? "ಸಾರ್, ಕಾಗದ ಎಲ್ಲಾ ಸರಿ ಇದೆಯಾ?" ಅಂದರು. "ಸೋಮವಾರದೊಳಗೆ ಸರಿ ಮಾಡಿಸುತ್ತೇನಮ್ಮ" ಅಂದೆ.